ಬೂಟುಗಾಲಿನ ಎಂಜಿನಿಯರು

ಇವತ್ತು ನಮ್ಮಕ್ಕ ಟಿವಿಯೊಳಗಿನ ನಾಯಕನಿಗೇ ಬೈದಳು, ಗೆಳೆಯರೇ. ಮೊದಮೊದಲ ಕಂಪ್ಯೂಟರ್ ಕಟ್ಟಿದವರ ಕುರಿತ ಇಂಗ್ಲಿಷ್ ಧಾರಾವಾಹಿ ಅದು. ನಾಯಕನಾದ ಎಂಜಿನಿಯರು ಬೂಟುಗಾಲನ್ನು ಮೇಜಿನ ಮೇಲಿಟ್ಟುಕೊಂಡೇ ಕಂಪ್ಯೂಟರಿನ ಮುಚ್ಚಳ ತೆಗೆದ. ನಿಪ್ಪಾಣಿಯ ತಂಬಾಕು ದಾಸ್ತಾನಿನ ವಖಾರಿಯಲ್ಲಿ ಮೊದಲ ಕಂಪ್ಯೂಟರ್ ಆಪರೇಟರ್ ಆಗಿದ್ದ ಅಕ್ಕನಿಗೆ ತಡೆಯಲಾಗಲಿಲ್ಲ.

"ಏನ್ ಮಂದಿನೋ ಇವರು! ನಮ್ಮ ಕಂಪ್ಯೂಟರ್ ರೂಮಿಗೆ ಮಾಲಕರೂ ಚಪ್ಪಲ್ ಹೊರಗ ಬಿಟ್ಟ ಬರತಿದ್ರು!"

"ಅಕ್ಕಾ, ಆ ಮಶೀನ್ ಮಾಡಿದಾಂವನ ಅಂವಾ."

ಅಕ್ಕ ನನ್ನ ಕಡೆ ತಿರುಗಿ, "ನೋಡೋ ತಮ್ಮಾ, ದಸರಾಕ್ಕ ನಮ್ಮ ಕಂಪ್ಯೂಟರಿಗೆ ಕುಂಕುಮ ಹಚ್ಚೀನಿ. ಒಳಗ ಏನೈತಿ ಅಂತ ಒಂದಿನಾನೂ ನೋಡಲಿಲ್ಲ" ಎಂದಳು.

ಈಗ ನನ್ನ ಹಳೆಯ ಲ್ಯಾಪ್‌ಟಾಪ್ ಅವಳ ಮುಂದಿದೆ, ಕೈಯಲ್ಲಿ ಸ್ಕ್ರೂಡ್ರೈವರ್ ಇದೆ. ಮೊದಲ ಸ್ಕ್ರೂ ತಿರುಗಿಸುವ ಮುಂಚೆ ಕೈ ಮುಗಿದಳು.