ಬೂಬಮ್ಮ ಓದಿಸಿದ ಕಾಗದ

ಕಳೆದ ವಾರ ರಿಪೇರಿಯವನು ಬಂದು ನಮ್ಮ ಹಳೆಯ ಫ್ಯಾನಿಗೆ ಎಣ್ಣೆ ಬಿಟ್ಟ. ಹೊಲಿಗೆ ಯಂತ್ರಕ್ಕೆ ಹಾಕುವ ತೆಳ್ಳನೆಯ ಎಣ್ಣೆ. ಆ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷಗಳ ಮೇಲೂ ನನಗೆ ಮೊದಲು ಆಗುವುದು ಹೆದರಿಕೆ. ಬೂಬಮ್ಮ ನೆನಪಾಗುವುದು ಆಮೇಲೆ...

ಮೂವತ್ತರ ದಶಕದ ಶಿರಸಿ. ಬನವಾಸಿ ಕಡೆಯಿಂದ ಬಂದ ನಮ್ಮವರಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿಯಿತ್ತು. ನಮ್ಮ ಮನೆಯ ಗೋಡೆಗೆ ಹೊಂದಿಕೊಂಡ ಮನೆಯಲ್ಲಿ ಬೂಬಮ್ಮ ಇದ್ದಳು. ಗಂಡ ಹುಬ್ಬಳ್ಳಿಗೆ ಹೋಗುವ ಸರ್ವಿಸ್ ಮೋಟಾರಿನ ಡ್ರೈವರ್. ಒಬ್ಬಳೇ ಮಗಳನ್ನು ಯಲ್ಲಾಪುರಕ್ಕೆ ಕೊಟ್ಟಿದ್ದರು. ಬೂಬಮ್ಮ ದಿನವಿಡೀ ಯಂತ್ರದ ಮುಂದೆ ಕೂತು ಕುಪ್ಪಸ, ಲಂಗ, ಕೂಸುಗಳ ತಲೆಗೆ ಹಾಕುವ ಕುಲಾವಿ ಹೊಲಿಯುತ್ತಿದ್ದಳು. ಆಕೆಗೆ ಒಂದಕ್ಷರವೂ ಬರುತ್ತಿರಲಿಲ್ಲ. ಆದರೆ ಯಾರಾದರೂ ಎದುರು ಕೂತು ಸುದ್ದಿ ಹೇಳಿದರೆ, ಅದರಲ್ಲಿ ಹೊಂದದ ಮಾತು ಯಾವುದೆಂದು ಥಟ್ಟನೆ ಹಿಡಿಯುತ್ತಿದ್ದಳು. ಸಿದ್ದಾಪುರದಿಂದ ನೇರ ಬಂದೆ ಎಂದ ನನ್ನ ಸೋದರಮಾವನ ಚಪ್ಪಲಿ ನೋಡಿ, "ಕೆಂಪು ಮಣ್ಣಿನ ಸಿದ್ದಾಪುರದಾಗ ಕರೇ ಮಣ್ಣು ಯಾವಾಗಿಂದ?" ಎಂದು ಕೇಳಿದ್ದಳು.

ನಾನು ಆಗ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂರನೆಯ ಇಯತ್ತೆ. ಓದಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಹೆಸರು. ಪುಸ್ತಕ ಕೈಗೆ ಕೊಟ್ಟರೆ ಎಲ್ಲೂ ತಡೆಯದೆ ಒಂದೇ ಉಸಿರಿಗೆ ಓದಿಬಿಡುತ್ತಿದ್ದೆ. ಓದಿದ್ದು ತಿಳಿಯಿತೇ ಎಂದು ಯಾರೂ ಕೇಳುತ್ತಿರಲಿಲ್ಲ. ತಿಳಿಯಬೇಕು ಎಂಬುದು ನನಗೂ ಗೊತ್ತಿರಲಿಲ್ಲ. ಓಣಿಯ ಹೆಂಗಸರು ತಮ್ಮ ಕಾಗದಗಳನ್ನೆಲ್ಲ ನನ್ನಿಂದಲೇ ಓದಿಸಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಯಲ್ಲಾಪುರದಿಂದ ಬೂಬಮ್ಮನಿಗೆ ಕಾರ್ಡು ಬಂತು. ಮಗಳಿಗೂ ಬರೆಯಲು ಬಾರದು. ಯಾರದೋ ಕೈಲಿ ಬರೆಸಿದ್ದಳು. ಮಾತು ಮುಗಿಯಿತೆನ್ನಲು ಎಲ್ಲಿಯೂ ಒಂದು ಚುಕ್ಕೆ ಇರಲಿಲ್ಲ. ದಾರಿಯಲ್ಲಿ ನೀರು ಬಿದ್ದು ನಡುವಿನ ಸಾಲುಗಳು ಕದಡಿದ್ದವು. ಯಂತ್ರದ ಎಣ್ಣೆ ವಾಸನೆಯ ಆ ಕೋಣೆಗೆ ನಮ್ಮವ್ವನೂ ಬಂದು ನಿಂತಿದ್ದಳು. ನಾನು ಎಂದಿನ ಓಟದಲ್ಲಿ ಓದಿದೆ: "ಇಲ್ಲಿ ಎಲ್ಲರೂ ಕ್ಷೇಮ ಮಗುವಿಗೆ ನಾಲ್ಕು ದಿನ ಜ್ವರ ಬಿಡಲಿಲ್ಲ ಐದನೇ ದಿನ ಹೋಯಿತು ಮಗು..."

ಮುಂದೆ ಅಕ್ಷರ ಕಾಣಲಿಲ್ಲ. ನಿಲ್ಲಿಸಿದೆ.

ಅವ್ವ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದಳು. ಯಂತ್ರ ನಿಂತಿತು. ಬೂಬಮ್ಮನ ಮೊದಲ ಮೊಮ್ಮಗು, ಐದು ತಿಂಗಳದು. ಗಂಡ ಊರಲ್ಲಿರಲಿಲ್ಲ. ನನ್ನ ಬಾಯಿಂದ ಹೊರಟ ಮಾತೇ ಆ ಕೂಸನ್ನು ಕೊಂದಿತೇನೋ ಎನಿಸಿತು.

ಬೂಬಮ್ಮ ಅಳಲಿಲ್ಲ. ಮುಖ ಮಾತ್ರ ಬೂದಿಯಾಗಿತ್ತು. "ಎಲ್ಲಾರೂ ಕ್ಷೇಮ ಅಂತ ಬರದಾರಲ್ಲ ಅಕ್ಕಾ?" ಎಂದಳು.

"ಅದು ಎಲ್ಲಾ ಕಾಗದದಾಗೂ ಬರೀತಾರವ್ವಾ," ಎಂದಳು ಅವ್ವ, ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ.

ಬೂಬಮ್ಮ ನನ್ನ ಮೊಣಕೈ ಹಿಡಿದು ಕೂರಿಸಿಕೊಂಡಳು. "ಬೇಟಾ, ಕೆಳಗ ಏನೈತಿ? ಕಾಣಿಸಿದಷ್ಟು ಹೇಳು."

ಕೊನೆಯ ಸಾಲು ಉಳಿದಿತ್ತು. "ಕುಲಾವಿ ಸಣ್ಣದಾಗಿದೆ."

"ಆಗಿದೆ ಅಂತೈತೋ, ಆಗಿತ್ತು ಅಂತೈತೋ? ಒಂದೊಂದ ಅಕ್ಷರ ನೋಡಿ ಹೇಳು. ಓಡಬ್ಯಾಡ."

ಅಕ್ಷರಗಳನ್ನು ನಾನು ಹಾಗೆ ಎಂದೂ ನೋಡಿರಲಿಲ್ಲ. ಬೆರಳಿಟ್ಟು ನೋಡಿದೆ. "ಆಗಿದೆ."

"ಆಗಿದೆ... ಅಂದರ ಈಗ ತಲಿಗೆ ಹಾಕಿ ನೋಡ್ಯಾರ. ಇಲ್ಲದ ಕೂಸಿಗೆ ಯಾರು ಕುಲಾವಿ ಕೇಳ್ತಾರ? ಹಂಗಾದರ ಐದನೇ ದಿನ ಹೋಗಿದ್ದು ಏನು? ಮತ್ತೊಮ್ಮೆ ಓದು."

ಓದಿದೆ. ಈ ಸಲ 'ಹೋಯಿತು' ಎಂಬಲ್ಲಿ ನನ್ನ ನಾಲಿಗೆ ತಾನಾಗಿಯೇ ನಿಂತಿತು. ಹೋದದ್ದು ಜ್ವರ. 'ಮಗು' ಎಂಬುದು ಕದಡಿಹೋದ ಮುಂದಿನ ಮಾತಿಗೆ ಸೇರಿದ್ದು.

ಹೌದೆಂದು ನಂಬುವುದು ಹೇಗೆ? ಅಪ್ಪ ಮರುದಿನದ ಯಲ್ಲಾಪುರದ ಮೋಟಾರಿನಲ್ಲಿ ಅಂಗಡಿಯ ಆಳನ್ನು ಕಳಿಸಿದರು. ಆತ ಹಿಂದಿರುಗುವವರೆಗೆ ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ಗೋಡೆಯಾಚೆ ಯಂತ್ರದ ಸದ್ದಿಲ್ಲ. ಬೂಬಮ್ಮ ತಾನು ಕಂಡುಕೊಂಡದ್ದನ್ನೇ ತಿರುತಿರುಗಿ ಅವ್ವನ ಮುಂದೆ ಹೇಳುತ್ತಿದ್ದಳು, ಎಲ್ಲಾದರೂ ತಪ್ಪಿದೆಯೇನೋ ಎಂಬಂತೆ. ಮೂರನೆಯ ದಿನ ಆಳು ಬಂದ. ಕೂಸು ಹಾಲು ಕುಡಿದು ಆಡುತ್ತಿದೆ ಎಂದ. ಬೂಬಮ್ಮ ಆಗ ಅತ್ತಳು, ಬಿಕ್ಕಿ ಬಿಕ್ಕಿ.

ಆದರೆ ನನ್ನ ಓದು ಅಲ್ಲಿಗೇ ನಿಂತುಹೋಯಿತು. ಶಾಲೆಯಲ್ಲಿ ಪುಸ್ತಕ ಹಿಡಿದರೆ ದನಿ ಹೊರಡುತ್ತಿರಲಿಲ್ಲ. ಹುಡುಗಿಗೆ ಮಂಕು ಕವಿದಿದೆ, ಶಾಲೆ ಬಿಡಿಸಿ ಎಂದು ಮಾಸ್ತರರು ಅಪ್ಪನಿಗೆ ಹೇಳಿ ಕಳಿಸಿದರು. ಅಪ್ಪ ಒಪ್ಪಿಕೊಳ್ಳುವವರಿದ್ದರು. ಇದು ತಿಳಿದ ಬೂಬಮ್ಮ, "ದಿನಾ ಸಂಜಿ ನನ್ನ ಕಡೆ ಕಳಸ್ರಿ," ಎಂದಳು. ನಾನು ಪಾಠ ಓದುವುದು, ಆಕೆ ಹೊಲಿಯುತ್ತ ಸಾಲುಸಾಲಿಗೂ ಕೇಳುವುದು: "ಯಾಕ? ಹಂಗಂದರ ಏನು? ಅದು ಹೆಂಗ ಆದೀತು?" ತಿಂಗಳೊಪ್ಪತ್ತಿನಲ್ಲಿ ನನ್ನ ದನಿ ಮರಳಿತು. ಮೊದಲಿನ ಓಟ ಬರಲಿಲ್ಲ, ಬೇಕೆಂದೂ ಅನಿಸಲಿಲ್ಲ.

ಪ್ರತಿಯಾಗಿ ನಾನು ಆಕೆಗೆ ಅಕ್ಷರ ಕಲಿಸಲು ಕೂತೆ. ಇಷ್ಟು ಬುದ್ಧಿಯವಳಿಗೆ ಎಂಟು ದಿನ ಸಾಕು ಎಂದುಕೊಂಡಿದ್ದೆ. ಆಗಲಿಲ್ಲ. "ಇದಕ್ಕ ಕ ಅಂತ ಯಾಕ ಅನ್ನಬೇಕು?" ಎನ್ನುವಳು. ಅದಕ್ಕೆ ಯಾಕೆ ಎಂಬುದೇ ಇಲ್ಲ, ಸುಮ್ಮನೆ ನೆನಪಿಡಬೇಕು ಎಂದರೆ ಆಕೆಯ ತಲೆಗೆ ಹತ್ತದು. ಇಂದು ಕಲಿತದ್ದು ನಾಳೆ ಮರೆತು, ಸ್ಲೇಟು ಬದಿಗಿಟ್ಟು ನಾಚಿಕೊಳ್ಳುವಳು. ಆದರೆ ಬಳ್ಳಿಗೆ, ಅಂದರೆ ಕಾಗುಣಿತಕ್ಕೆ, ಬಂದಾಗ ಕಣ್ಣರಳಿತು. "ಯಾವ ಅಕ್ಷರಕ್ಕೂ ಇಳಿ ಒಂದ ಏನು? ಮೊದಲ ಹೇಳಬಾರದಿತ್ತ!" ದೀರ್ಘದ ಆ ಒಂದೇ ಗುರುತು ಹಿಡಿದು ಕಾ, ಗಾ, ಮಾ, ತಾ ಎಲ್ಲ ಒಂದೇ ಸಂಜೆಯಲ್ಲಿ ಬಂದವು.

ಉಳಿದದ್ದು ಒತ್ತಕ್ಷರ. ಆಕೆಯ ಹೆಸರಿನಲ್ಲಿ ಒಂದಿತ್ತು. "ನನ್ನ ಹೆಸರು ಯಾವಾಗ ಬರಸ್ತಿ?" ಎಂದು ಕೇಳುತ್ತಿದ್ದಳು. ಪರೀಕ್ಷೆ ಮುಗಿಯಲಿ ಎಂದೆ. ಮುಗಿದ ಮೇಲೆ ಗೆಳತಿಯರ ಜೊತೆ ಆಟ... ನಾಳೆ ಎಂದೆ. ಅಷ್ಟರಲ್ಲಿ ಗಂಡನಿಗೆ ಹುಬ್ಬಳ್ಳಿಯಲ್ಲೇ ಕೆಲಸವಾಯಿತು. ಒಂದು ದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಬೂಬಮ್ಮನ ಮನೆಗೆ ಬೀಗ ಬಿದ್ದಿತ್ತು.

ನಾನು ಮುಂದೆ ಶಾಲೆಯ ಬಾಯಿ, ಅಂದರೆ ಶಿಕ್ಷಕಿಯಾಗಿ, ಯಲ್ಲಾಪುರದಲ್ಲೇ ಬಹಳ ವರ್ಷ ಮಕ್ಕಳಿಗೆ ಓದು ಕಲಿಸಿದೆ. ಬೂಬಮ್ಮನ ಮಗಳ ಮನೆಯವರು ಆಗಲೇ ಊರು ಬಿಟ್ಟಿದ್ದರು. ಎಲ್ಲಿಗೆ ಎಂದು ಹೇಳುವವರಿರಲಿಲ್ಲ. ಆಕೆ ಎಲ್ಲಿ ಕಣ್ಣು ಮುಚ್ಚಿದಳೋ ತಿಳಿಯದು. ತನ್ನ ಹೆಸರನ್ನು ತಾನೇ ಬರೆದು ನೋಡಿದಳೋ ಇಲ್ಲವೋ, ಅದೂ ತಿಳಿಯದು. ಅರ್ಧ ಗಂಟೆಯ ಕೆಲಸವಾಗಿತ್ತು. ನಾನು ಮಾಡಲಿಲ್ಲ.