ಹಾಸಿನ ತುದಿ

ಇವತ್ತು ಬೆಳಿಗ್ಗೆ ನಾರಾಯಣಪೇಟೆಯ ತವರುಮನೆಯಲ್ಲಿ ಕಿಟಕಿ ತೆರೆದದ್ದೇ ತಡ, ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಉಣ್ಣುವ ಗಂಜಿಯಲ್ಲ, ನೂಲಿಗೆ ಹಚ್ಚುವ ಗಂಜಿ. ನಿಮಗೆ ಅದು ಸುವಾಸನೆ ಅನಿಸಲಿಕ್ಕಿಲ್ಲ. ನನಗಂತೂ ಮಲ್ಲಿಗೆಯೂ ಅದರ ಮುಂದೆ ಸಪ್ಪೆ.

ಸೀರೆ ನೇಯುವ ಮೊದಲು ಉದ್ದದ ಎಳೆಗಳನ್ನು, ಅಂದರೆ ಹಾಸನ್ನು, ಬೀದಿಯಲ್ಲಿ ಬಿಗಿದು ಗಂಜಿ ಹಚ್ಚಬೇಕು, ಬಿಸಿಲೇರುವುದರೊಳಗೆ ಮುಗಿಸಬೇಕು. ಒಂದೇ ಮನೆಯವರಿಂದ ಆಗುವ ಕೆಲಸವಲ್ಲ. ಹಾಗಾಗಿ ಯಾರ ಹಾಸು ಬೀದಿಗೆ ಬಂದರೂ ಓಣಿಯವರೆಲ್ಲ ತಮ್ಮ ಮಗ್ಗ ಬಿಟ್ಟು ಓಡಬೇಕು, ಕೂಲಿ ಕೇಳುವಂತಿಲ್ಲ. ಶಾಲೆಯ ದಿನಗಳಲ್ಲಿ ನಾನು "ಓದಾಕ ಕುಂತೀನಿ" ಅಂದರೂ ಅವ್ವ ಬಿಡುತ್ತಿರಲಿಲ್ಲ. "ಇವತ್ತು ನೀ ಅವರ ತುದಿ ಹಿಡದ್ರ, ನಾಳಿ ಅವರು ನಮ್ಮದು ಹಿಡೀತಾರ. ಏಳು!" ಗೊಣಗುವುದರಲ್ಲಿ ನಾನು ಆಗಲೇ ಪಂಡಿತೆ.

ಮುಂದೆ ಹೈದರಾಬಾದಿನಲ್ಲಿ ಜೈವಿಕ ಎಂಜಿನಿಯರಿಂಗ್ ಕಲಿತು, ನೇಯ್ದ ಕೃತಕ ರಕ್ತನಾಳದ ಸಂಶೋಧನೆಗೆ ಇಳಿದೆ. ಮಗ್ಗ ಬಿಟ್ಟೆನೆಂದು ಬೀಗಿದವಳು ಮತ್ತೆ ನೂಲಿಗೇ ಬಂದು ಬಿದ್ದೆ. ಜೊತೆಗೆ ನಮ್ಮ ಎಂಜಿನಿಯರುಗಳ ಸಂಘದ ಕಾರ್ಯದರ್ಶಿಯೂ ಆದೆ. ಕಾರ್ಯದರ್ಶಿ ಎಂದರೆ ಏನಂದುಕೊಂಡಿರಿ? ಕುರ್ಚಿ ಹಾಕಿಸುವುದು, ಮೈಕು ಕೈಕೊಟ್ಟರೆ ಬೈಸಿಕೊಳ್ಳುವುದು, ಸಣ್ಣೂರಿನ ಕಾಲೇಜುಗಳಿಗೆ ಬಸ್ಸಿನಲ್ಲಿ ಹೋಗಿ ಕಾರ್ಯಾಗಾರ ನಡೆಸುವುದು. ನಮ್ಮ ವಿಭಾಗದ ಮುಖ್ಯಸ್ಥರು ರಾಯಚೂರು ಕಡೆಯವರು, ಹಿತೈಷಿಗಳೇ. "ಎರಡು ದೋಣ್ಯಾಗ ಕಾಲಿಟ್ಟೀರಿ. ಈ ಸಂಘ ನಿಮ್ಮ ಸಂಶೋಧನೆ ನುಂಗತೈತ್ರಿ" ಎನ್ನುತ್ತಲೇ ಇದ್ದರು.

ಅವರ ಮಾತು ನಿಜವಾಗುವ ಹೊತ್ತೂ ಬಂತು. ಸಂಘದ ಓಡಾಟದಲ್ಲಿ ಪರೀಕ್ಷೆಯನ್ನು ಕೊನೆಯ ವಾರಕ್ಕೆ ತಳ್ಳಿದ್ದೆ, ಆಗಲೇ ರಕ್ತನಾಳದ ತಾಳಿಕೆ ಪರೀಕ್ಷಿಸುವ ಯಂತ್ರ ಕೆಟ್ಟು ಕೂತಿತು. ಆ ವಾರದೊಳಗೆ ಫಲಿತಾಂಶ ತೋರಿಸದಿದ್ದರೆ ಯೋಜನೆಯೇ ಬಂದ್. ವರ್ಷಗಳ ದುಡಿಮೆ ನೀರುಪಾಲಾಯಿತೆಂದು ಅತ್ತುಬಿಟ್ಟೆ. ಸುದ್ದಿ ಸಂಘದವರಿಗೆ ಹೇಗೋ ಮುಟ್ಟಿತು. ಫೋನಿನ ಮೇಲೆ ಫೋನು. ಹಿಂದೆ ನಾನು ಕಾರ್ಯಾಗಾರ ನಡೆಸಿದ್ದ ಕಾಲೇಜಿನ ಅಧ್ಯಾಪಕಿಯೊಬ್ಬರು, "ಮೇಡಂ, ನಮ್ಮಲ್ಲಿ ಯಂತ್ರ ಐತ್ರಿ, ನಾಳೀನ ಬರ್ರಿ" ಎಂದರು. ಮತ್ತೊಬ್ಬರು ವ್ಯಾನು ತಂದರು. ಉಳಿದವರು ಸರದಿಯ ಮೇಲೆ ಯಂತ್ರದ ಮುಂದೆ ಕೂತರು. ನಾಳ ಸೋರಲಿಲ್ಲ, ಸೀಳಲಿಲ್ಲ. ಯೋಜನೆ ಉಳಿಯಿತು. ಗೆದ್ದೆವು ಎಂದು ಪ್ರಯೋಗಾಲಯದಲ್ಲೇ ಕೂಗಿದೆ, ನಾಚಿಕೆ ಬಿಟ್ಟು.

ಈಗ ನಾನು ಸಂಘದ ಅಧ್ಯಕ್ಷೆ. ಈ ಸಲದ ವಾರ್ಷಿಕ ಸಭೆ ನಮ್ಮೂರಲ್ಲೇ, ಇವತ್ತೇ. ಸೀರೆಯ ನೆರಿಗೆ ಹಿಡಿಯುತ್ತಿದ್ದಾಗ ಎದುರುಮನೆಯ ಶಿವಮ್ಮತ್ತೆ ಬೀದಿಯಿಂದ ಕೂಗಿದಳು: "ಅಧ್ಯಕ್ಷರ, ಬಂದು ತುದಿ ಹಿಡೀರಿ!" ಗೊಣಗದೆ ಓಡಿದೆ.

ಅಷ್ಟರಲ್ಲಿ ಒಂದು ಕಾರು ಓಣಿಯ ಬಾಯಲ್ಲಿ ನಿಂತಿತು. ಬೀದಿಯಲ್ಲಿ ಹಾಸು ಇದ್ದರೆ ನಮ್ಮಲ್ಲಿ ಮಂತ್ರಿಯ ಕಾರೂ ನಿಲ್ಲಬೇಕು. ಇಳಿದವರು ಮುಖ್ಯ ಅತಿಥಿಗಳು, ಅದೇ ನಮ್ಮ ಮುಖ್ಯಸ್ಥರು. ಗದ್ವಾಲದಲ್ಲಿ ರೈಲಿಳಿದು ಮಕ್ತಲ್ ದಾಟಿ ಬಂದಿದ್ದರು. ಶಿವಮ್ಮತ್ತೆಗೆ ಅತಿಥಿಯಾದರೇನು? "ಸುಮ್ನ ಯಾಕ ನಿಂತೀರಿ ಸಾಹೇಬ್ರ, ಆ ಕಡಿ ಹಿಡೀರಿ" ಎಂದಳು. ಅವರು ಕೋಟು ಬಿಚ್ಚಿ ಹಿಡಿದರು.

"ಎಷ್ಟೊತ್ತು ಹಿಡೀಬೇಕ್ರಿ?" ಎಂದು ಆ ತುದಿಯಿಂದ ಕೇಳಿದರು.

"ಒಣಗೋತನಕ ಸರ್. ನಡುವ ಬಿಡಂಗಿಲ್ರಿ."

ಅವರು ನಕ್ಕರು. ಬಿಡಲಿಲ್ಲ.

ಸಭೆ ತಡವಾಗಿಯೇ ಶುರುವಾಯಿತು. ವೇದಿಕೆಯ ಮೇಲೆ ಅವರು ನನಗೆ ಮಲ್ಲಿಗೆ ಹಾರ ಹಾಕಿದರು. ಅವರ ಕೈಯೆಲ್ಲ ಗಂಜಿ ಘಮಘಮ ಎನ್ನುತ್ತಿತ್ತು.