ಬಾಗಿಲಲ್ಲಿ ನಿಂತ ಎಂಬೇಗಾ

ಕಸೆನ್ಯಿಯ ಸರೋವರದ ದಡದಲ್ಲಿ, ಪಿಕ್ಚರು ತೋರಿಸುವ ವಿಡಿಯೊ ಹಾಲಿನ ಹೊರಗೆ ಪೆರ್ಪೆಟುವಾ ಹದಿನಾಲ್ಕು ವರ್ಷ ಮರಗೆಣಸು ಕರಿದಳು. ಅಷ್ಟು ವರ್ಷದಲ್ಲಿ ಒಳಗೆ ಕೂತು ಒಂದು ಪಿಕ್ಚರನ್ನೂ ಪೂರ್ತಿ ನೋಡಲಿಲ್ಲ. ಬಾಣಲೆ ಬಿಟ್ಟು ಎದ್ದರೆ ಗೆಣಸು ಕರಕಲಾಗುತ್ತದೆ, ಇಲ್ಲವೇ ಬಲೆ ಒಣಹಾಕಿ ಬಂದ ಮೀನುಗಾರರ ಕೈಗೆ ಸಿಕ್ಕಿ ಮಾಯವಾಗುತ್ತದೆ. ನೋಡದಿದ್ದರೇನು, ಎಲ್ಲವನ್ನೂ ಕೇಳಿದ್ದಳು. ತಗಡಿನ ಗೋಡೆಯ ಆಚೆ ಮೈಕು ಹಿಡಿದು ಕೂತಿದ್ದವನು ಅವಳ ತಮ್ಮ, ಬೋಸ್ಕೊ ಮುಬಿರು.

ಬೋಸ್ಕೊನ ಕೆಲಸ ಪಿಕ್ಚರಿಗೆ ಮಾತು ಕೊಡುವುದು. ಬಿಳಿಯರ ಮಾತು ದಡದ ಜನಕ್ಕೆ ತಿಳಿಯದು. ಅವನು ಪಿಕ್ಚರಿನ ಸದ್ದು ತಗ್ಗಿಸಿ, ನಾಯಕ, ಖಳ, ಹೆಂಗಸು, ಕಾವಲು ನಾಯಿ ಎಲ್ಲರ ಮಾತನ್ನೂ ದಡದ ಲುಗಾಂಡಾ ಭಾಷೆಯಲ್ಲಿ ತಾನೊಬ್ಬನೇ ಆಡುತ್ತಿದ್ದ. ಇಂಗ್ಲಿಷು ಅವನಿಗೆ ಅಷ್ಟಕ್ಕಷ್ಟೇ. "ಅದು ಬರದೇ ಇದ್ರೇನೇ ಒಳ್ಳೇದು ಕಣಕ್ಕಾ, ಬಂದ್ರೆ ಅವರು ಹೇಳಿದ್ದನ್ನೇ ಹೇಳ್ಬೇಕಾಗುತ್ತೆ" ಅನ್ನುತ್ತಿದ್ದ. ಜನ ಬರುತ್ತಿದ್ದದ್ದು ಪಿಕ್ಚರಿಗೋ ಇವನ ಬಾಯಿಗೋ ಎಂದು ಕೇಳಿದರೆ ಹಾಲಿನ ಒಡೆಯ ಹಾಜಿ ಜುಬೈರಿಯೂ ಗಡ್ಡ ಕೆರೆದುಕೊಳ್ಳುತ್ತಿದ್ದ.

ಎಲ್ಲಕ್ಕಿಂತ ಹೆಚ್ಚು ಓಡುತ್ತಿದ್ದದ್ದು ಒಬ್ಬ ಗೂಢಚಾರನ ಪಿಕ್ಚರುಗಳು, ಒಟ್ಟು ಹತ್ತೊಂಬತ್ತು. ಅವನ ನಿಜವಾದ ಹೆಸರು ದಡದಲ್ಲಿ ಯಾರಿಗೂ ಬೇಕಿರಲಿಲ್ಲ. ಲುಗಾಂಡಾದಲ್ಲಿ ಎಂಬೇಗಾ ಎಂದರೆ ಗೂಢಚಾರ ಎಂದೇ ಅರ್ಥ, ಅದೇ ಹೆಸರಾಯಿತು. ಹೆಸರಿದ್ದ ಮೇಲೆ ಕುಲ ಬೇಡವೇ? ಬೋಸ್ಕೊ ಅವನನ್ನು ತನ್ನದೇ ಮಾಂಬಾ ಮೀನಿನ ಕುಲಕ್ಕೆ ಸೇರಿಸಿಕೊಂಡ. ಅಲ್ಲಿಂದ ತೊಂದರೆಯೂ ಶುರುವಾಯಿತು. ಎಂಬೇಗಾ ಮುತ್ತಿಡುವ ಪ್ರತಿ ಹೆಂಗಸಿಗೂ ಬೇರೆ ಕುಲ ಹುಡುಕಬೇಕು. ಒಮ್ಮೆ ಮೈಮರೆತು ಒಬ್ಬಳನ್ನು ಮಾಂಬಾದವಳೆಂದು ಬಿಟ್ಟ. ಮುಂದಿನ ದೃಶ್ಯದಲ್ಲೇ ಹಾಸಿಗೆ! "ಥೂ, ತಂಗಿ ಕಣೋ ಅವಳು!" ಎಂದು ಹಾಲಿಗೆ ಹಾಲೇ ಎದ್ದು ನಿಂತಿತು. "ಸುಮ್ನಿರ್ರೋ, ಜ್ವರ ಇದ್ಯಾ ಅಂತ ನೋಡ್ತಿದಾನೆ" ಎಂದು ಬೋಸ್ಕೊ ಹೇಗೋ ದಡ ಮುಟ್ಟಿಸಿದ.

ಈ ಹತ್ತೊಂಬತ್ತು ಪಿಕ್ಚರುಗಳಲ್ಲಿ ಎಂಬೇಗಾನ ಪಾತ್ರ ಮಾಡಿದವರು ಮೂವರು. ಮೊದಲನೆಯವನು ಎದೆ ತುಂಬ ಕೂದಲಿದ್ದವನು, ಹುಬ್ಬೆತ್ತಿದರೆ ಸಾಕು ಹೆಂಗಸರು ನಾಚಿಕೊಳ್ಳುತ್ತಿದ್ದರು. ಎರಡನೆಯವನು ಬಂದಾಗ ಬಸ್ಸು ತಪ್ಪಿಸಿಕೊಂಡ ಮೇಷ್ಟರ ಹಾಗೆ ಓಡುತ್ತಾನೆಂದು ಜನ ಮೂಗು ಮುರಿದರು. ಬೋಸ್ಕೊ ಕ್ಯಾರೇ ಅನ್ನಲಿಲ್ಲ. "ಶತ್ರುಗಳಿಗೆ ಗುರುತು ಸಿಗಬಾರದು ಅಂತ ಮುಖಕ್ಕೆ ಆಪರೇಷನ್ ಮಾಡಿಸ್ಕೊಂಡಿದಾನೆ" ಎಂದ. ಜನ ಗೊಣಗಿಕೊಂಡೇ ಒಪ್ಪಿದರು. ಮೂರನೆಯವನು ಒಂದು ದೃಶ್ಯದಲ್ಲಿ ಮೀನಿನ ಮುಳ್ಳನ್ನು ಬೆರಳಿನಿಂದ ಬಿಡಿಸಿ ತಿಂದ. ಅಷ್ಟಕ್ಕೇ ಆತ ದಡದ ಮಗನಾದ. ಹೊರಗೆ ಕೂತ ಪೆರ್ಪೆಟುವಾಗೆ ಮಾತ್ರ ಈ ಗಲಾಟೆಯೇ ಅರ್ಥವಾಗುತ್ತಿರಲಿಲ್ಲ. ಅವಳ ಪಾಲಿಗೆ ಎಂಬೇಗಾ ಒಬ್ಬನೇ, ಅವನ ದನಿ ತಮ್ಮನದು.

ಆ ತಮ್ಮ ಎಂಟೆಬೆ ರಸ್ತೆಯಲ್ಲಿ ಬಾಡಿಗೆ ಬೈಕಿನ ಹಿಂದೆ ಕೂತು ಹೋಗುವಾಗ ಲಾರಿಗೆ ಸಿಕ್ಕಿ ಸತ್ತ.

ಊರಿಗೆ ಕೊಂಡೊಯ್ದು ಬಾಳೆತೋಟದಲ್ಲಿ ಮಣ್ಣು ಮಾಡಿದರು. ಸತ್ತವನ ಜಾಗದಲ್ಲಿ ಇನ್ನೊಬ್ಬನನ್ನು ನಿಲ್ಲಿಸಿ ಸಾವನ್ನು ಮನೆಯಿಂದ ಹೊರಗೆ ಹಾಕುವ ಕೊನೆಯ ಶಾಸ್ತ್ರ ಮಾತ್ರ ಆಗಲಿಲ್ಲ. ದೊಡ್ಡಪ್ಪ ಚಿಕ್ಕಪ್ಪಂದಿರು ದಿನ ಗೊತ್ತುಮಾಡಲು ಕೂತು ಜಗಳವಾಡಿ ಎದ್ದು ಹೋದರು. ಒಂದು ವರ್ಷವಾದರೂ ಬೋಸ್ಕೊನ ಜಾಗದಲ್ಲಿ ಯಾರನ್ನೂ ನಿಲ್ಲಿಸಿರಲಿಲ್ಲ. ಪೆರ್ಪೆಟುವಾ ದಡಕ್ಕೆ ಮರಳಿ ಮೊದಲಿನ ಹಾಗೇ ಗೆಣಸು ಕರಿಯತೊಡಗಿದಳು. ಅತ್ತಳೆ ಎಂದರೆ ಅತ್ತಳು. ಆದರೆ 'ಬೋಸ್ಕೊ ಸತ್ತ' ಎಂಬ ಎರಡು ಮಾತು ಅವಳ ಬಾಯಿಂದ ಒಮ್ಮೆಯೂ ಬರಲಿಲ್ಲ. ಕೇಳಿದವರಿಗೆ "ಬೋಸ್ಕೊ ಇಲ್ಲ" ಅನ್ನುತ್ತಿದ್ದಳು, ಪೇಟೆಗೆ ಹೋದವನ ಬಗ್ಗೆ ಹೇಳಿದ ಹಾಗೆ.

ಹಾಜಿ ಕಂಪಾಲಾದಿಂದ ಒಬ್ಬರ ಹಿಂದೊಬ್ಬರಂತೆ ಇಬ್ಬರು ಮಾತುಗಾರರನ್ನು ತಂದ. ಜನ ಇಬ್ಬರನ್ನೂ ಓಡಿಸಿದರು. ಅಷ್ಟರಲ್ಲಿ ಇಪ್ಪತ್ತನೆಯ ಎಂಬೇಗಾ ಪಿಕ್ಚರು ಬಂತು. ಅದರಲ್ಲೂ ಹೊಸ ಮುಖ, ಗಿಡ್ಡನೆಯವನು, ಅಗಲ ಕಿವಿ. ಹಾಜಿ ಕೈಚೆಲ್ಲಿದ. ಹಾಲನ್ನು ಮಂಜುಗಡ್ಡೆಯವನಿಗೆ ಗೋದಾಮಿಗೆ ಕೊಡುತ್ತೇನೆಂದ. ತಮ್ಮ ಕೂತ ಜಾಗದಲ್ಲಿ ಮಂಜುಗಡ್ಡೆ! ಪೆರ್ಪೆಟುವಾ ಸೌಟು ಕೆಳಗಿಟ್ಟು ಎದ್ದಳು.

"ನಾನು ಮಾತು ಹೇಳ್ತೀನಿ ಹಾಜಿ."

"ನೀನಾ? ಎಂಬೇಗಾನ ಬಾಯಲ್ಲಿ ಹೆಂಗಸಿನ ದನಿನಾ? ಪಿಕ್ಚರ್ ಹಾಳಾಗ್ಲಿ, ನನ್ನ ಕುರ್ಚಿ ಮುರೀತಾರಮ್ಮ!"

"ಕುರ್ಚಿ ಎಲ್ಲಿದೆ ನಿನ್ನ ಹಾಲಲ್ಲಿ? ಇರೋದೆಲ್ಲ ಬೆಂಚು."

ಹಾಜಿ ಮೂರು ಶನಿವಾರ ಕೊಟ್ಟ. ಜನ ಕೂತರೆ ಹಾಲು ಉಳಿಯುತ್ತದೆ, ಎದ್ದು ಹೋದರೆ ಬೀಗ.

ಮೊದಲ ಶನಿವಾರ ಮಧ್ಯಾಹ್ನ ಅವಳು ತಮ್ಮನ ದನಿಯನ್ನೇ ತೆಗೆದಳು. ಅದೇ ಗೊಗ್ಗರು, ಮಾತಿನ ಕೊನೆಗೆ ಅದೇ ಕೆಮ್ಮು ಬೆರೆತ ನಗು. ಕೇಳಿ ಕೇಳಿ ಕಿವಿಯಲ್ಲಿ ಕೂತಿದ್ದ ದನಿ, ಒಂದು ಕೂದಲೂ ಹೆಚ್ಚುಕಡಿಮೆಯಿಲ್ಲ. ಹಾಲಿನ ಗದ್ದಲ ಅಡಗಿತು. ಚೆನ್ನಾಗಿ ಬರುತ್ತಿದೆ ಎಂದೇ ಅಂದುಕೊಂಡಳು ಪಾಪ. ಅಷ್ಟರಲ್ಲಿ ಮಾವಿನ ಗೊರಟೆಯೊಂದು ಬಂದು ಮೈಕಿಗೆ ಬಡಿಯಿತು. ಮುಂದಿನ ಬೆಂಚಿನ ಮುದುಕ ಲುಗೋಲೋಬಿ ಎದ್ದು ನಿಂತಿದ್ದ. ದಡದ ದೋಣಿಗಳಲ್ಲೆಲ್ಲ ಹಳೆಯ ದೋಣಿ ಅವನದು, ಹಾಲಿನಲ್ಲಿ ಎಲ್ಲಕ್ಕಿಂತ ಕೆಟ್ಟ ಬಾಯಿಯೂ ಅವನದೇ.

"ಸತ್ತೋನ ಅಂಗಿ ಹಾಕ್ಕೊಂಡು ನಮ್ಮ ಮುಂದೆ ಕುಣೀಬೇಡ ಕಣಮ್ಮ!"

ಎರಡನೆಯ ಶನಿವಾರ ತನ್ನ ದನಿಯಲ್ಲೇ ಶುರುಮಾಡಿದಳು. ಹೊಸ ಮುಖ ಕಂಡು ಜನ ಗುಜುಗುಜು ಎಂದಾಗ ತಮ್ಮನ ಹಳೆಯ ಉಪಾಯ ತೆಗೆದಳು, ಮುಖಕ್ಕೆ ಆಪರೇಷನ್ ಆಗಿದೆ ಎಂದಳು.

"ಮೂರು ಸಲ ಮುಖ ಕುಯ್ಯಿಸ್ಕೊಂಡ್ನಾ? ಅವನೇನು ಬಟ್ಟೆನಾ?"

"ಮುಖ ಕುಯ್ದ್ರೆ ದನಿ ಹೆಂಗಸಿನದಾಗುತ್ತಾ? ಇನ್ನೇನೇನು ಕುಯ್ದ್ರು ಕೇಳಿ!"

ಹಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು, ನಕ್ಕು ಎದ್ದು ಹೋಯಿತು. ಖಾಲಿ ಬೆಂಚುಗಳ ಮುಂದೆ ಅಗಲ ಕಿವಿಯವನು ಯಾರಿಗೋ ಗುಂಡು ಹೊಡೆಯುತ್ತಲೇ ಇದ್ದ. ಅವನ ಮೇಲೆ ಅವಳಿಗೆ ಅಯ್ಯೋ ಅನ್ನಿಸಿತು.

ಮಾರನೆಯ ದಿನ ಅವಳು ಗೆಣಸಿನ ಪೊಟ್ಟಣ ಹಿಡಿದು ಲುಗೋಲೋಬಿಯ ದೋಣಿಯ ಬಳಿಗೇ ಹೋದಳು. ಮುದುಕ ಬಲೆ ಹೊಲಿಯುತ್ತಿದ್ದ.

"ಯಜಮಾನ್ರೇ, ನೇರವಾಗಿ ಕೇಳ್ತೀನಿ. ಆ ಹೊಸಬ ಏನು ಮಾಡಿದಾನೆ ನಿಮಗೆ?"

"ಕಿವಿ ನೋಡಿದ್ಯಾ ಅವಂದು?"

"ಕಿವಿ ನಿಮ್ಮದೂ ಅಗಲವೇ."

ಮುದುಕ ನಕ್ಕು ಗೆಣಸು ಬಾಯಿಗೆ ಹಾಕಿಕೊಂಡ. ಆಮೇಲೆ ನಗು ನಿಲ್ಲಿಸಿದ.

"ಹಳಬ ಎಲ್ಲಿ ಹೋದ? ಅದನ್ನ ಹೇಳು ಮೊದಲು. ಇದ್ದಾನಾ, ಸತ್ತನಾ? ಯಾರೂ ಬಾಯಿ ಬಿಡೋದಿಲ್ಲ. ನಮ್ಮಪ್ಪ ಸತ್ತ ಮಾರನೇ ದಿನ ಯಾರೋ ಬಂದು ಅಪ್ಪನ ಸ್ಟೂಲ್ ಮೇಲೆ ಕೂತಿದ್ರೆ ಒದ್ದು ಓಡಿಸ್ತಿದ್ದೆ. ಕುಲದೋರೆಲ್ಲ ಸೇರಿದ್ರು, ಸಾವು ಸಾವು ಅಂತ ಬಾಯಿಬಿಟ್ಟು ಅತ್ವಿ. ಬೆಳಗಾಗ್ತಿದ್ದ ಹಾಗೆ ಒಬ್ಬನಿಗೆ ನಾರುಬಟ್ಟೆ ಹೊದಿಸಿ, ಕೈಗೆ ಈಟಿ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿ 'ಇವನೇ ಮುಸಿಕಾ, ಸತ್ತೋನ ಜಾಗಕ್ಕೆ ಬಂದೋನು' ಅಂದ್ರು. ಅವನು ನನಗಿಂತ ಹತ್ತು ವರ್ಷ ಚಿಕ್ಕೋನು. ಇವತ್ತಿಗೂ ಅವನನ್ನ ಅಪ್ಪಾ ಅಂತಾನೇ ಕರೀತೀನಿ."

ಪೆರ್ಪೆಟುವಾ ಅಲ್ಲೇ ಮರಳಿನ ಮೇಲೆ ಕೂತಳು. ಇಡೀ ಹಾಲು ಒಂದು ವರ್ಷದಿಂದ ಸಾವಿನ ಮನೆಯಲ್ಲಿ ಕೂತಿದೆ, ಮೈಕು ಹಿಡಿದು ಬಂದವರೆಲ್ಲ ಜನಕ್ಕೆ ಸಾವೇ ಆಗಿಲ್ಲವೆಂದು ಸುಳ್ಳು ಹೇಳುತ್ತಿದ್ದಾರೆ. ಮೊದಲ ಸುಳ್ಳು ತನ್ನದೇ.

ಮೂರನೆಯ ಶನಿವಾರ ಹಾಲು ತುಂಬಿತ್ತು. ಬೀಗ ಬೀಳುವ ತಮಾಷೆ ನೋಡಲು ಬಂದವರೇ ಹೆಚ್ಚು. ಹಾಜಿ ಬೀಗವನ್ನು ಕೈಯಲ್ಲೇ ಹಿಡಿದು ಗೋಡೆಗೊರಗಿದ್ದ. ಪಿಕ್ಚರು ಶುರುವಾಯಿತು. ಅಗಲ ಕಿವಿಯವನು ಮಳೆಯಲ್ಲಿ ತೊಯ್ದು ಬಂದು ಒಂದು ದೊಡ್ಡ ಮನೆಯ ಬಾಗಿಲಲ್ಲಿ ನಿಂತ. ಪೆರ್ಪೆಟುವಾ ಅಲ್ಲಿಗೇ ಪಿಕ್ಚರು ನಿಲ್ಲಿಸಿದಳು. ಕೂಗಾಟ ಶುರುವಾಗುವ ಮೊದಲೇ ಮೈಕು ಬಾಯಿಗೆ ಹಿಡಿದಳು.

"ಕೇಳ್ರಪ್ಪಾ. ಎಂಬೇಗಾ ಸತ್ತ. ಆಪರೇಷನ್ನೂ ಇಲ್ಲ ಏನೂ ಇಲ್ಲ. ಮೊದಲನೆಯವನು ಸತ್ತ, ಎರಡನೆಯವನು ಸತ್ತ, ಮೀನು ತಿಂದನಲ್ಲ, ಅವನೂ ಸತ್ತ."

ಲುಗೋಲೋಬಿ ನಿಧಾನವಾಗಿ ಎದ್ದ. ಕೆಟ್ಟ ಬಾಯಿಯನ್ನು ಮನೆಯಲ್ಲಿ ಬಿಟ್ಟು ಬಂದವನ ಹಾಗೆ, ಕುಲದ ಹಿರಿಯ ಕೇಳುವಂತೆ ಕೇಳಿದ.

"ಸತ್ತವನ ಕುಲ ಯಾವುದು?"

"ಮಾಂಬಾ."

"ಹೆಸರು?"

ಎಂಬೇಗಾ ಎಂದುಬಿಡಬಹುದಿತ್ತು, ಜನವೂ ಒಪ್ಪುತ್ತಿದ್ದರು. ಆದರೆ ಮುದುಕ ಯಾರನ್ನು ಕೇಳುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು, ಹಾಲಿಗೂ ಗೊತ್ತಿತ್ತು.

"ಬೋಸ್ಕೊ ಮುಬಿರು. ನನ್ನ ತಮ್ಮ. ಸತ್ತೋದ. ಲಾರಿ ಕೆಳಗೆ ಸತ್ತೋದ."

ಹಿಂದಿನ ಬೆಂಚಿನಲ್ಲಿ ಯಾರೋ ಬಾಯಿಬಿಟ್ಟು ಅತ್ತರು. ನೀರಿನ ಮೇಲೆ ಗಾಳಿಗೂ ಮೊಸಳೆಗೂ ಹೆದರದ ಗಂಡಸರು ತಲೆಯ ಮೇಲೆ ಕೈ ಹೊತ್ತು ಗೋಳಾಡಿದರು. ಯಾರೋ ಬೋಸ್ಕೊನ ಜ್ವರದ ಮಾತು ನೆನೆಸಿಕೊಂಡು ನಕ್ಕರು, ನಗುತ್ತಲೇ ಮತ್ತೆ ಅತ್ತರು. ಹಾಜಿ ಬೀಗವನ್ನು ಜೇಬಿಗೆ ಹಾಕಿಕೊಂಡು ಮೂಗು ಒರೆಸಿಕೊಂಡ. ಪೆರ್ಪೆಟುವಾ ನೆಲದ ಮೇಲೆ ಕಾಲು ಚಾಚಿ ಕೂತು, ಒಂದು ವರ್ಷದ ಅಳುವನ್ನು ಅಷ್ಟೂ ಅತ್ತಳು. ಪರದೆಯ ಮೇಲಿನ ಬಾಗಿಲಲ್ಲಿ ಗಿಡ್ಡನೆಯವನು ತೊಯ್ದ ಕೋಟಿನಲ್ಲಿ ಅರ್ಧ ಗಂಟೆ ಹಾಗೇ ನಿಂತಿದ್ದ, ಒಬ್ಬರೂ ಅವನನ್ನು ಬೈಯಲಿಲ್ಲ.

ಅಳು ತಗ್ಗಿದ ಮೇಲೆ ಅವಳು ಎದ್ದು, ಸೊಂಟಕ್ಕೆ ಸುತ್ತಿದ್ದ, ನಾರುಬಟ್ಟೆಯದೇ ಬಣ್ಣದ ಕಂದು ಬಟ್ಟೆ ಬಿಚ್ಚಿ ಪರದೆಯ ಮೇಲಂಚಿಗೆ ಸಿಕ್ಕಿಸಿದಳು. ಅದು ಗಿಡ್ಡನೆಯವನ ಹೆಗಲ ಮೇಲೆ ಇಳಿಬಿತ್ತು. "ಇವನೇ ಮುಸಿಕಾ" ಎಂದಳು.

"ಕಿವಿ ಅಗಲ ಇದ್ರೂ ಪರವಾಗಿಲ್ಲ" ಎಂದ ಒಬ್ಬ.

"ಅಪ್ಪನಿಗೆ ಹಾಗೆಲ್ಲ ಅನ್ಬಾರ್ದು ಕಣೋ" ಎಂದು ಇನ್ನೊಬ್ಬ ಅವನ ತಲೆಗೊಂದು ಕೊಟ್ಟ.

ಲುಗೋಲೋಬಿ ಮಾತ್ರ ಇನ್ನೂ ಕೂತಿರಲಿಲ್ಲ. ಮುಂದೆ ಬಂದ. ತನ್ನ ಹೆಗಲಿನ ಹಳೆಯ ಕೋಟನ್ನು ಬಿಚ್ಚಿ ಪೆರ್ಪೆಟುವಾಳ ಬೆನ್ನಿಗೆ ಹೊದಿಸಿದ. ಅದು ಮೀನು ನಾತ ಹೊಡೆಯುತ್ತಿತ್ತು. ನೆಲದಲ್ಲಿ ಬಿದ್ದಿದ್ದ ಮೈಕನ್ನು ಎತ್ತಿ ಅವಳ ಕೈಗಿತ್ತು, ಸರಿಯಾಗಿ ಹಿಡಿದಳೋ ಎಂದು ನೋಡಿ, ತನ್ನ ಬೆಂಚಿಗೆ ಹೋಗಿ ಕೂತ. ಹೆಂಗಸು ಗಂಡಸಿನ ಜಾಗದಲ್ಲಿ ನಿಲ್ಲಬಹುದೇ ಎಂದು ಯಾರೂ ಕೇಳಲಿಲ್ಲ. ಅವಳು ಪಿಕ್ಚರು ಬಿಟ್ಟಳು. ಬಾಗಿಲಲ್ಲಿದ್ದವನ ತುಟಿ ಅಲ್ಲಾಡಿತು. ಅವಳು ಆ ತುಟಿಯನ್ನೇ ನೋಡುತ್ತ ನಿಂತಳು.

"ಯಾಕೆ ಸುಮ್ನೆ ನಿಂತೆ ಬೋಸ್ಕೊ?" ಎಂದು ಮುದುಕ ಕೂಗಿದ. "ಏನಂತಾನೆ ಅವನು? ಹೇಳಪ್ಪಾ."

"ಇರು ಮುದುಕಪ್ಪ, ಹೇಳ್ತೀನಿ" ಎಂದಳು ಅವಳು, ತನ್ನದೇ ದನಿಯಲ್ಲಿ, ಮತ್ತು ಹೇಳಿದಳು.